ಗೋರಂಟಿ ಅಂತ ಬರೆಯೋ ಮುಂಚೆ ಯಾವ ಗೋರಂಟಿ ಅಂತ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಪುರವಣಿಯ ಮನೆಮದ್ದು ಕಾಲಂನಲ್ಲಿ ಹಲ್ಲುನೋವಿನ ಬಗ್ಗೆ ನಾಲ್ಕು ಸಾಲು ಬಂದಿತ್ತು, ಗೋರಂಟಿ ಎಲೆನ ಚೂರು ಉಪ್ಪಿನ ಜೊತೆ ಜಗಿದು ಆ ರಸಾನ ನೋವಿರೋ ಹಲ್ಲಿನ ಹತ್ರ ಸ್ವಲ್ಪ ಹೊತ್ತು ಇಟ್ಕೊಂಡು ಉಗುಳಿದ್ರೆ ಆರಾಮಾಗುತ್ತೆ ಅಂತ. ಅಷ್ಟೇ. ಫೋಟೋ ಇಲ್ಲ, ಗಿಡ ಹೆಂಗಿರುತ್ತೆ ಅಂತ ಒಂದು ಮಾತಿಲ್ಲ, ಇನ್ನೊಂದು ಹೆಸರೂ ಇಲ್ಲ. ನಮ್ಮ ಅತ್ತಿಗೆ ಅದನ್ನ ಓದಿ ಕತ್ತರಿಸಿ ಇಟ್ಕೊಂಡಿದ್ರು. ಅವರ ತವರಿನ ಕಡೆ ಗೋರಂಟಿ ಅಂದ್ರೆ ಮದರಂಗಿ, ಅಂದ್ರೆ ಕೈಗೆ ಹಚ್ಕೊಳ್ಳೋ ಮೆಹಂದಿ ಗಿಡ. ಹಿತ್ತಲಲ್ಲಿ ಮದರಂಗಿ ಹುಲುಸಾಗಿ ಬೆಳೆದಿತ್ತು, ದವಡೆ ನೋವು ಶುರು ಆದ ದಿನ ಅದರ ಎಲೆನೇ ಕಿತ್ತು ಎರಡು ದಿನ ಬೆಳಿಗ್ಗೆ ಸಂಜೆ ಜಗಿದ್ರು, ಬಾಯೆಲ್ಲ ಕಹಿ, ನಾಲಿಗೆ ತುಟಿ ಎಲ್ಲ ಕಂದು ಬಣ್ಣ, ನೋವು ಮಾತ್ರ ಇದ್ದಲ್ಲೇ ಇತ್ತು. ಮೂರನೇ ದಿನ ಕೆನ್ನೆ ಊದ್ಕೊಂಡ ಮೇಲೆ ಹಲ್ಲಿನ ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ, ಬೇರಲ್ಲಿ ಕೀವು ತುಂಬಿತ್ತು. ಈಗ ಹುಷಾರಾಗಿದಾರೆ.

ನಾನು ಈ ಪತ್ರ ಬರೀತಿರೋದು ನಿಮ್ಮ ಮೇಲಿನ ಸಿಟ್ಟಿಗಲ್ಲ. ಮನೆಮದ್ದು ಕಾಲಂ ನಿಲ್ಲಿಸಿ ಅಂತಾನೂ ಹೇಳ್ತಿಲ್ಲ, ನಿಲ್ಲಿಸಿದ್ರೆ ನನಗೇ ಬೇಜಾರು. ಆದ್ರೆ ಗಿಡದ ಗುರುತು ಹೇಳದೆ ಗಿಡದ ಗುಣ ಹೇಳಬೇಡಿ, ಅದೊಂದೇ ನನ್ನ ಮಾತು. ಯಾಕಂದ್ರೆ ಆ ಕಾಲಂನಲ್ಲಿ ಬರೆದವರು ಹೇಳಿದ್ದು ಸುಳ್ಳಲ್ಲ, ಅವರು ಹೇಳಿದ ಗಿಡ ಬೇರೆ, ಅದು ಮುಳ್ಳುಗೋರಂಟಿ, ಕೆಲವರು ಗೋರಟೆ ಅಂತಾರೆ, ಹಳದಿ ಗೋರಂಟೆ ಅಂತಾರೆ. ಹಲ್ಲು ವಸಡಿಗೆ ನಮ್ಮ ಹಿರಿಯರು ತಲೆತಲಾಂತರದಿಂದ ಬಳಸ್ತಾ ಬಂದಿರೋದು ಅದನ್ನ. ಅದಕ್ಕೂ ಮದರಂಗಿಗೂ ಸಂಬಂಧಾನೇ ಇಲ್ಲ, ಕುಟುಂಬನೇ ಬೇರೆ. ಮುಳ್ಳುಗೋರಂಟಿ ಆಡುಸೋಗೆ, ನೆಲಬೇವು, ಕನಕಾಂಬರ ಇವುಗಳ ಬಳಗದ್ದು. ಬರೆದವರ ತಲೇಲಿ ಒಂದು ಗಿಡ, ಓದಿದವರ ಹಿತ್ತಲಲ್ಲಿ ಇನ್ನೊಂದು ಗಿಡ, ಮಧ್ಯೆ ಇರೋದು ಒಂದೇ ಹೆಸರು.

ಮದರಂಗಿ ಜಗಿದ್ರೆ ಏನಾಗುತ್ತೆ, ಬಾಯಿ ಕೆಂಪಾಗುತ್ತೆ ಅಷ್ಟೇ ಅಲ್ವಾ ಅಂತ ಯಾರಾದ್ರೂ ಕೇಳಬಹುದು. ಹಂಗಲ್ಲ. ಕೆಲವರಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನೋ ಕಿಣ್ವ ಕಮ್ಮಿ ಇರುತ್ತೆ, ಎಷ್ಟೋ ಜನಕ್ಕೆ ತಮಗೆ ಆ ತೊಂದರೆ ಇದೆ ಅನ್ನೋದೇ ಗೊತ್ತಿರಲ್ಲ, ಅಂಥವರಿಗೆ ಮದರಂಗಿ ಒಳಗಿರೋ ಬಣ್ಣದ ಅಂಶ ರಕ್ತದ ಕೆಂಪು ಕಣಗಳನ್ನ ಒಡೆದುಹಾಕಬಹುದು, ಈ ತೊಂದರೆ ಇರೋ ಎಳೆ ಮಕ್ಕಳ ಚರ್ಮಕ್ಕೆ ಹಚ್ಚಿದ್ದಕ್ಕೇ ಹಿಂಗಾಗಿದ್ದುಂಟು. ಕೈಗೆ ಹಚ್ಚೋದೇ ಹಿಂಗಾದ್ರೆ ಜಗಿದು ರಸ ನುಂಗೋದು ಇನ್ನೆಂಗೆ.

ಈಗ ಮುಳ್ಳುಗೋರಂಟಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಗಿಡಾನ ನಾನು ಚಿಕ್ಕವನಿದ್ದಾಗಿಂದ ನೋಡ್ತಾ ಬಂದಿದೀನಿ ಮತ್ತೆ ಇದರ ಮೇಲೆ ನನಗೆ ಬಹಳ ಪ್ರೀತಿ. ಸೊಂಟದ ಎತ್ತರಕ್ಕೆ ಬೆಳೆಯೋ ಪೊದೆ, ಬಿಟ್ರೆ ಎದೆಮಟ್ಟಕ್ಕೂ ಬರುತ್ತೆ. ಎಲೆಗಳು ಎದುರುಬದುರು ಜೋಡಿಯಾಗಿ ಇರ್ತಾವೆ, ಒಂದು ಎಲೆ ಕೈಯಲ್ಲಿ ಹಿಡಿದು ತುದಿ ಮೇಲೆ ಬೆರಳಿಟ್ಟು ನೋಡಿ, ಚಿಕ್ಕದೊಂದು ಚೂಪು ಚುಚ್ಚುತ್ತೆ. ಆಮೇಲೆ ಎಲೆ ಕಾಂಡಕ್ಕೆ ಸೇರೋ ಜಾಗ ನೋಡಿ, ಆ ಕಂಕುಳಲ್ಲೇ ಮೂರೋ ನಾಲ್ಕೋ ಮುಳ್ಳು, ಹೊಲಿಗೆ ಸೂಜಿ ಥರ ತೆಳ್ಳಗೆ ನೆಟ್ಟಗೆ, ಬೂದು ಬಿಳಿ ಬಣ್ಣ, ಒಂದೇ ಬುಡದಿಂದ ಹೊರಟು ಒಂದೊಂದು ಒಂದೊಂದು ಕಡೆ ಮುಖ ಮಾಡಿರ್ತಾವೆ. ಎಲೆ ಮೇಲೆ ಮುಳ್ಳಿಲ್ಲ, ಎಲೆ ಅಂಚಲ್ಲೂ ಇಲ್ಲ, ಕಂಕುಳಲ್ಲಿ ಮಾತ್ರ. ಇದನ್ನ ನೆನಪಿಟ್ಕೊಂಡ್ರೆ ಅರ್ಧ ಗುರುತು ಸಿಕ್ಕಂಗೆ. ಹೂವು ಹಳದಿ, ಸ್ವಲ್ಪ ಕಿತ್ತಳೆ ಕಡೆಗೆ ವಾಲಿದ ಹಳದಿ, ಕೆಳಗೆ ಕೊಳವೆ, ಬಾಯಿ ಹತ್ರ ಐದು ಎಸಳಾಗಿ ಬಿಚ್ಚಿಕೊಳ್ಳುತ್ತೆ, ನಾಲ್ಕು ಒಂದು ಕಡೆ, ಒಂದೇ ಒಂದು ಎಸಳು ಮಾತ್ರ ಕೆಳಗಡೆ ಬೇರೆಯಾಗಿ. ಎರಡು ಕೇಸರ ಉದ್ದಕ್ಕೆ ಹೊರಗೆ ಚಾಚಿರುತ್ತೆ. ಕಾಯಿಗೆ ಮುಂದೆ ಕೊಕ್ಕಿನಂಥ ಚೂಪು, ಒಳಗೆ ಚಪ್ಪಟೆ ಬೀಜ ಎರಡು, ಒಣಗಿದ ಮೇಲೆ ಚಟ್ ಅಂತ ಸಿಡಿದು ಬೀಜ ದೂರ ಎಸೆಯುತ್ತೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಬಾರ್ಲೇರಿಯಾ ಪ್ರಯೋನೈಟಿಸ್, 1753ರಲ್ಲಿ ಲಿನೇಯಸ್ ಅನ್ನೋ ಸಸ್ಯವಿಜ್ಞಾನಿ ಇಟ್ಟಿದ್ದು.

ಹಿಂಗೆ ಇಷ್ಟುದ್ದ ಗುರುತು ಹೇಳಿದ್ದಕ್ಕೆ ಕಾರಣ ಇದೆ. ಹಳದಿ ಹೂವು, ಮುಳ್ಳು, ಔಷಧಿ ಅಂತ ಮೂರೇ ಮಾತು ಕೇಳಿಸ್ಕೊಂಡು ಗಿಡ ಹುಡುಕೋಕೆ ಹೊರಟವರಿಗೆ ಮೊದಲು ಸಿಗೋದು ಪಾಳು ಜಾಗದಲ್ಲಿ, ರಸ್ತೆ ಬದೀಲಿ ಬೆಳೆಯೋ ಅರಿಶಿನ ದತ್ತೂರಿ. ಅದಕ್ಕೂ ಹಳದಿ ಹೂವು, ಅದಕ್ಕೂ ಮುಳ್ಳು. ಆದ್ರೆ ಅದು ವಿಷ. 1998ರಲ್ಲಿ ದೆಹಲಿಯಲ್ಲಿ ಇದರ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಜನ ಕಾಲು ಊದಿ, ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ರು, 60ಕ್ಕೂ ಹೆಚ್ಚು ಜನ ಸತ್ತುಹೋದ್ರು. ಅದರ ಬೀಜ ಸಾಸಿವೆ ಥರಾನೇ ಸಣ್ಣಗೆ ಕಪ್ಪಗೆ ಇರೋದ್ರಿಂದ ಬೆರೆತದ್ದು ಕಣ್ಣಿಗೆ ಬೀಳಲ್ಲ. ಗಿಡಾನ ಮಾತ್ರ ಗುರುತಿಸೋದು ಸುಲಭ, ಅದರ ಮುಳ್ಳು ಎಲೆ ಅಂಚಲ್ಲೇ ಇರುತ್ತೆ, ಎಲೆ ಮೇಲೆ ನರದ ಉದ್ದಕ್ಕೂ ಬೂದು ಬಿಳಿ ಪಟ್ಟಿ, ಹೂವು ಕೊಳವೆ ಅಲ್ಲ ಬಟ್ಟಲಿನ ಥರ ಅಗಲ, ದಂಟು ಮುರಿದ್ರೆ ಹಳದಿ ಹಾಲು ಸುರಿಯುತ್ತೆ. ಮುಳ್ಳುಗೋರಂಟಿ ಮುರಿದ್ರೆ ಹಾಲು ಬರಲ್ಲ. ಈ ಒಂದು ಸಾಲು ನಿಮ್ಮ ಕಾಲಂನಲ್ಲಿ ಇದ್ದಿದ್ರೆ ಸಾಕಿತ್ತು ಸಾರ್, ಎಷ್ಟು ಜಾಗ ಹಿಡೀತಿತ್ತು ಹೇಳಿ.

ಹೆಸರಿನ ತೊಡಕು ನಮ್ಮ ಮನೆಮದ್ದಿಗೆ ಮಾತ್ರ ಇರೋದಲ್ಲ, ಶಾಸ್ತ್ರದಲ್ಲೂ ಇದೆ. ಸಂಸ್ಕೃತದಲ್ಲಿ ಈ ಜಾತಿ ಗಿಡಗಳನ್ನ ಹೂವಿನ ಬಣ್ಣದ ಮೇಲೆ ಬೇರೆ ಮಾಡಿದಾರೆ, ಹಳದಿ ಹೂವಿನದ್ದು ಕುರಂಟಕ, ಕೆಂಪಿನದ್ದು ಕುರಬಕ, ಒಟ್ಟಾರೆ ಸೈರೇಯಕ, ಸಹಚರ ಅಂತ. ಸಹಚರಾದಿ ತೈಲ ಅಂತ ಕೇಳಿರ್ತೀರಿ, ಸೊಂಟದಿಂದ ಕಾಲಿಗೆ ಇಳಿಯೋ ನೋವಿಗೆ, ವಾತಕ್ಕೆ ವೈದ್ಯರು ಕೊಡೋ ಎಣ್ಣೆ. ಅದರ ಸಹಚರ ಅಂದ್ರೆ ನಮ್ಮ ಮುಳ್ಳುಗೋರಂಟಿ ಅಂತ ಒಂದು ಪಾಠ ಇದೆ, ಆದ್ರೆ ಕೇರಳದ ವೈದ್ಯರು ಸಹಚರ ಅಂತ ಹಾಕೋದು ಕರಿಂಕುರಿಂಜಿ, ಅದು ಕುರಿಂಜಿ ಜಾತಿಯದ್ದು, ಮುಳ್ಳಿಲ್ಲ. ಹಿಂದಿಯಲ್ಲಿ ಮುಳ್ಳುಗೋರಂಟಿಗೆ ವಜ್ರದಂತಿ ಅಂತಾರೆ, ಹಲ್ಲು ವಜ್ರದ ಥರ ಗಟ್ಟಿ ಮಾಡೋದು ಅನ್ನೋ ಅರ್ಥದಲ್ಲಿ, ಆದ್ರೆ ಉತ್ತರಾಖಂಡದ ಬೆಟ್ಟದ ಕಡೆ ವಜ್ರದಂತಿ ಅಂದ್ರೆ ಗುಲಾಬಿ ಕುಟುಂಬದ ಒಂದು ಬೆಟ್ಟದ ಮೂಲಿಕೆ, ಅದಕ್ಕೂ ಮುಳ್ಳಿಲ್ಲ. ಎರಡನ್ನೂ ಹಲ್ಲಿಗೇ ಬಳಸ್ತಾರೆ ಅನ್ನೋದು ಬೇರೆ ಮಾತು. ಇಷ್ಟೆಲ್ಲ ಓದಿಕೊಂಡ ವೈದ್ಯರಲ್ಲೇ ಒಂದು ಹೆಸರಿಗೆ ಎರಡು ಗಿಡ ಇರುವಾಗ ಬೆಳಿಗ್ಗೆ ಕಾಫಿ ಕುಡೀತಾ ಪೇಪರ್ ಓದೋರಿಗೆ ಬರೀ ಗೋರಂಟಿ ಅಂದ್ರೆ ಹೆಂಗೆ ತಿಳೀಬೇಕು.

ನಮ್ಮ ಅಜ್ಜಿಗೆ ಓದು ಬರಹ ಬರ್ತಿರಲಿಲ್ಲ. ಆದ್ರೆ ಅವರು ಯಾವತ್ತೂ ಬರೀ ಹೆಸರು ಹೇಳಿ ಸೊಪ್ಪು ತರೋಕೆ ಕಳಿಸಿದ್ದಿಲ್ಲ. ಜೊತೆಗೆ ಕರ್ಕೊಂಡು ಹೋಗಿ ತೋರಿಸೋರು. ಮಳೆಗಾಲದಲ್ಲಿ ನಾಟಿ ಶುರು ಆದ್ರೆ ದಿನವಿಡೀ ಕೆಸರಲ್ಲಿ ನಿಂತು ಹೆಂಗಸರ ಕಾಲ್ಬೆರಳ ಸಂದಿ ಬೆಳ್ಳಗಾಗಿ ಸುಲಿದು ಹುಣ್ಣಾಗೋದು, ರಾತ್ರಿ ಉರಿಗೆ ನಿದ್ದೆ ಬರ್ತಿರಲಿಲ್ಲ. ಅದಕ್ಕೆ ಅಜ್ಜಿ ನಾಟಿಗೆ ಎರಡು ಮೂರು ದಿನ ಮುಂಚೆನೇ ಬೇಲಿ ಹತ್ರ ಹೋಗೋರು. ಟವಲ್ಲನ್ನ ನಾಲ್ಕು ಮಡಿಕೆ ಮಾಡಿ ಎಡಗೈಗೆ ಸುತ್ತಿ ರೆಂಬೆ ಹಿಡಿದು, ಬಲಗೈ ಹೆಬ್ಬೆರಳು ತೋರುಬೆರಳಲ್ಲಿ ಒಂದೊಂದೇ ಎಲೆ ಚಿವುಟೋರು, ಮುಳ್ಳಿಗೆ ತಾಗದಂಗೆ ಎಲೆ ತುದಿಯಿಂದ ಹಿಂದಕ್ಕೆ ಎಳೆಯೋರು, ನಾನು ಅವಸರ ಮಾಡಿ ಬಾಚಿ ಕೀಳೋಕೆ ಹೋಗಿ ಎಷ್ಟು ಸಲ ಚುಚ್ಚಿಸ್ಕೊಂಡಿದೀನೋ ಲೆಕ್ಕ ಇಲ್ಲ, ಆ ಮುಳ್ಳು ಒಳಗೆ ಮುರಿದ್ರೆ ಬೇಗ ಬರಲ್ಲ. ಎಲೆ ತಂದು ತೊಳೆದು ಒರಳಲ್ಲಿ ಜಜ್ಜಿ ಹಳೇ ಸೀರೆ ಚೂರಲ್ಲಿ ಹಿಂಡಿದ್ರೆ ದಟ್ಟ ಹಸಿರು ರಸ ಬರೋದು. ಅದನ್ನ ಒಣಗಿದ ಕಾಲಿಗೆ, ಬೆರಳ ಸಂದಿಗೆ, ಹಿಮ್ಮಡಿಗೆ ತಿಕ್ಕಿ ಒಲೆ ಮುಂದೆ ಕೂರಿಸೋರು. ಒಣಗಿದ ಮೇಲೆ ಚರ್ಮ ಬಿಗಿದಂಗೆ ಆಗೋದು, ಕಾಲು ಕಪ್ಪು ಹಸಿರು ಆಗೋದು. ಹುಣ್ಣಾದ ಮೇಲೆ ಹಚ್ಚಿದ್ರೆ ಉರಿ, ಆಗೋ ಮುಂಚೆ ಹಚ್ಚಬೇಕು, ಅದೇ ಇದರ ಗುಟ್ಟು ಅಂತ ಅಜ್ಜಿ ಹೇಳೋರು. ಇದು ನಮ್ಮ ಅಜ್ಜಿದೊಂದೇ ಅಲ್ಲ, ಮಳೆಗಾಲದಲ್ಲಿ ಕಾಲು ಒಡೆಯದಂಗೆ, ನೆನೆದು ಸುಲಿಯದಂಗೆ ಈ ಎಲೆರಸ ಹಚ್ಚೋದನ್ನ ಮೂಲಿಕೆ ಬಗ್ಗೆ ಬರೆದ ಹಳಬರು ದೇಶದ ಬೇರೆ ಕಡೆಯಿಂದಲೂ ದಾಖಲು ಮಾಡಿದಾರೆ.

ಹಲ್ಲಿಗೂ ಅಷ್ಟೇ, ಎಲೆ ಉಪ್ಪು ಜಗಿದು ಉಗುಳೋದು, ಇಲ್ಲಾ ಬೇರಿನ ಕಷಾಯ ಬೆಚ್ಚಗೆ ಬಾಯಲ್ಲಿ ಮುಕ್ಕಳಿಸೋದು, ವಸಡು ರಕ್ತ ಬರೋದಕ್ಕೆ. ಗಂಟು, ಕುರು ಎದ್ದರೆ ಬೇರು ತೇದು ಹಚ್ಚೋದು. ಕೂದಲಿಗೆ ಎಣ್ಣೆ ಕಾಸುವಾಗ ಎಲೆ ಹಾಕೋದೂ ಇದೆ. ಮಕ್ಕಳ ಕೆಮ್ಮು ಕಫಕ್ಕೆ ಎಲೆರಸ ನಾಲ್ಕೈದು ಹನಿ ಜೇನಲ್ಲಿ ನೆಕ್ಕಿಸೋದು ಹಳೇ ಪದ್ಧತಿ. ಇಲ್ಲಿ ನಾನು ಒಂದು ಮಾತು ಜೋರಾಗಿ ಹೇಳಲೇಬೇಕು, ಒಂದು ವರ್ಷ ತುಂಬದ ಮಗುಗೆ ಜೇನುತುಪ್ಪ ಯಾವ ಮದ್ದಿನ ಜೊತೆಗೂ ಕೊಡಬಾರದು. ಜೇನಲ್ಲಿ ಬಾಟುಲಿಸಂ ತರೋ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ದೊಡ್ಡವರಿಗೆ ಏನೂ ಆಗಲ್ಲ, ಎಳೆ ಮಗುವಿನ ಕರುಳಲ್ಲಿ ಅದು ಮೊಳೆತು ವಿಷ ಬಿಟ್ಟು ಸ್ನಾಯುಗಳ ಶಕ್ತಿನೇ ಹೋಗುತ್ತೆ. ಅಜ್ಜಿ ಕಾಲದಲ್ಲಿ ಇದು ಗೊತ್ತಿರಲಿಲ್ಲ. ನಮಗೆ ಗೊತ್ತಿದೆ, ಗೊತ್ತಿದ್ದೂ ಬರೀದೆ ಇರೋದು ತಪ್ಪಾಗುತ್ತೆ.

ಹಂಗೇನೆ ಇದನ್ನ ಒಳಗೆ ತಗೊಳ್ಳೋದು ಬೇರೆ, ಹೊರಗೆ ಹಚ್ಚೋದು ಬೇರೆ. ಗಂಡು ಇಲಿಗಳಿಗೆ ಇದರ ಬೇರಿನ ಸಾರ ತಿನ್ನಿಸಿ ನೋಡಿದ ಪ್ರಯೋಗದಲ್ಲಿ ಅವುಗಳ ಸಂತಾನಶಕ್ತಿ ಕುಗ್ಗಿದ್ದು ಕಂಡಿದೆ. ಇಲಿಗಾಗಿದ್ದು ಮನುಷ್ಯರಿಗೂ ಆಗುತ್ತೆ ಅಂತ ಅದರ ಅರ್ಥ ಅಲ್ಲ, ಆದ್ರೆ ಮದುವೆಯಾದ ಹುಡುಗರು ವಾತಕ್ಕೆ ಒಳ್ಳೇದು ಅಂತ ಯಾರೋ ಹೇಳಿದ್ದು ಕೇಳಿ ತಿಂಗಳುಗಟ್ಟಲೆ ಬೇರಿನ ಕಷಾಯ ಕುಡಿಯೋದು ಬೇಡ ಅನ್ನೋಕೆ ಇಷ್ಟು ಸಾಕು. ಬಸುರಿ ಹೆಂಗಸರು, ಬಾಣಂತಿಯರು ವೈದ್ಯರನ್ನ ಕೇಳದೆ ಒಳಗೆ ತಗೊಳ್ಳಲೇಬಾರದು. ಇನ್ನು ಹಲ್ಲುನೋವಿನ ವಿಷಯ, ಹುಳುಕು ಹಲ್ಲಿನ ಒಳಗೆ ನರದ ತನಕ ಹೋಗಿದ್ರೆ ಯಾವ ಸೊಪ್ಪು ಜಗಿದ್ರೂ ಆ ತೂತು ಮುಚ್ಚಲ್ಲ, ನೋವು ಒಂದೆರಡು ದಿನ ತಣ್ಣಗಾಗಬಹುದು, ಒಳಗೆ ಕೀವು ಮಾಡ್ತಾನೇ ಇರುತ್ತೆ. ನಮ್ಮ ಅತ್ತಿಗೆ ಸರಿಯಾದ ಗಿಡಾನೇ ಜಗಿದಿದ್ರೂ ಡಾಕ್ಟರ್ ಹತ್ರ ಹೋಗಲೇಬೇಕಿತ್ತು ಅನ್ನೋದನ್ನ ನಾನು ಒಪ್ಕೋತೀನಿ. ಕೆನ್ನೆ ಊತ, ಜ್ವರ, ಬಾಯಿ ತೆಗೆಯೋಕೆ ಆಗದಿರೋದು ಇವೆಲ್ಲ ಇದ್ರೆ ಒಂದು ದಿನಾನೂ ಕಾಯಬೇಡಿ ಅಂತ ಆ ಕಾಲಂನ ಕೊನೇಲಿ ಒಂದು ಸಾಲು ಹಾಕಿದ್ರೆ ಎರಡು ದಿನದ ನರಳಾಟ ತಪ್ಪಿರೋದು.

ಒಂದು ಆಯುರ್ವೇದ ಎಣ್ಣೆ ಬಾಟಲಿ ತಗೊಂಡು ಲೇಬಲ್ ಓದಿ ನೋಡಿ. ಗಿಡದ ಸಂಸ್ಕೃತ ಹೆಸರು, ಪಕ್ಕದಲ್ಲೇ ಸಸ್ಯಶಾಸ್ತ್ರದ ಹೆಸರು, ಬೇರೋ ಎಲೆಯೋ ತೊಗಟೆಯೋ ಯಾವ ಭಾಗ ಅಂತ, ಎಷ್ಟು ಅಂತ, ಎಲ್ಲ ಸಣ್ಣ ಅಕ್ಷರದಲ್ಲಿ ಇರುತ್ತೆ. ಬಾಟಲಿಯಲ್ಲಿ ಕಾಯಿಸಿ ಸೋಸಿ ಬಂದ ಎಣ್ಣೆಗೇ ಇಷ್ಟು ವಿವರ ಬೇಕಾದ್ರೆ, ಜನ ತಾವೇ ಬೇಲಿಗೆ ಹೋಗಿ ಕಿತ್ತು ಬಾಯಿಗೆ ಹಾಕ್ಕೊಳ್ಳೋ ಸೊಪ್ಪಿಗೆ ಇನ್ನೂ ಜಾಸ್ತಿ ಬೇಕು ಅಲ್ವಾ. ಅದಕ್ಕೇ ನಾನು ಕೇಳ್ಕೊಳ್ಳೋದು, ಮನೆಮದ್ದು ಕಾಲಂನಲ್ಲಿ ಯಾವ ಗಿಡ ಬಂದ್ರೂ ಮೊದಲು ಒಂದು ಸ್ಪಷ್ಟ ಫೋಟೋ ಹಾಕಿ, ಹೂವಿನದ್ದು ಮಾತ್ರ ಅಲ್ಲ, ಹೂವು ವರ್ಷವಿಡೀ ಇರಲ್ಲ, ಎಲೆ ಕಾಂಡಕ್ಕೆ ಕೂಡೋ ಜಾಗ ಕಾಣೋ ಥರ. ಮೈಸೂರು ಕಡೆ, ಕರಾವಳಿ ಕಡೆ, ಉತ್ತರ ಕರ್ನಾಟಕದ ಕಡೆ ಏನಂತಾರೆ ಅನ್ನೋದನ್ನ ಗೊತ್ತಿದ್ದಷ್ಟು ಕೊಡಿ, ಸಸ್ಯಶಾಸ್ತ್ರದ ಹೆಸರನ್ನ ಕನ್ನಡ ಅಕ್ಷರದಲ್ಲೇ ಕೊಡಿ. ಇದನ್ನೇ ಹೋಲುವ ವಿಷದ ಗಿಡ ಯಾವುದು ಅಂತ ಹೇಳಿ. ನುಂಗಬೇಕೋ ಉಗುಳಬೇಕೋ ಹಚ್ಚಬೇಕೋ ಅಂತ ಹೇಳಿ. ಜಾಗ ಇಲ್ಲ ಅಂದ್ರೆ ವಾರಕ್ಕೆ ಐದು ಮದ್ದು ಬದಲು ಒಂದೇ ಒಂದು ಮದ್ದು ಹಾಕಿ, ನಮಗೆ ಅದೇ ಸಾಕು.

ಇನ್ನೊಂದು ವಿಷಯ, ಕಾಲಂಗೆ ಬರೆಯೋರನ್ನ ಹುಡುಕುವಾಗ ಹಳ್ಳಿಗಳ ನಾಟಿವೈದ್ಯರು, ಬೆಟ್ಟದ ಬುಡದ ಹಾಡಿಗಳಲ್ಲಿ ಇರೋ ಹಿರಿಯರು, ಇವರನ್ನೂ ಮಾತಾಡಿಸಿ, ಗಿಡದ ಮುಂದೆ ನಿಲ್ಲಿಸಿ ಮಾತಾಡಿಸಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ ಮರ, ಅವುಗಳ ಉಪಯೋಗ, ತಿಳಿದವರು ಯಾರು ಅನ್ನೋದನ್ನ ಜನರಿಂದಲೇ ಕೇಳಿ ದಾಖಲೆ ಪುಸ್ತಕ ಮಾಡಬೇಕು. ನಿಮ್ಮ ವರದಿಗಾರರು ಎಲ್ಲ ತಾಲ್ಲೂಕಲ್ಲೂ ಇದಾರೆ. ಆ ಪುಸ್ತಕ ತೆರೆಸಿ ನೋಡಿದ್ರೆ ಒಂದೇ ಗಿಡಕ್ಕೆ ಎಷ್ಟು ಹೆಸರು, ಒಂದೇ ಹೆಸರಿಗೆ ಎಷ್ಟು ಗಿಡ ಅಂತ ಕೈಗೆ ಸಿಗುತ್ತೆ, ಪುಸ್ತಕ ಬರೀ ಹೆಸರಿಗೆ ತುಂಬಿಸಿದ್ದಾಗಿದ್ರೆ ಅದೂ ಒಂದು ಸುದ್ದಿನೇ.

ಗಿಡ ತೋರಿಸೋಕೆ ಬೇಲಿನೂ ಇರಬೇಕಲ್ಲ ಅನ್ನೋ ಚಿಂತೆನೂ ನನಗಿದೆ. ಈಗ ಎಲ್ಲ ಕಡೆ ಕಲ್ಲುಕಂಬ ತಂತಿ, ಹಳೇ ಬೇಲಿನ ಜೆಸಿಬಿ ಒಂದೇ ಬೆಳಿಗ್ಗೆ ಬಾಚಿ ಹಾಕುತ್ತೆ. ಮುಳ್ಳುಗೋರಂಟಿ ಅಪರೂಪದ ಗಿಡ ಏನಲ್ಲ, ಬಹಳ ಗಟ್ಟಿ ಜೀವ, ಆಸ್ಟ್ರೇಲಿಯಾದ ಉತ್ತರ ಭಾಗಕ್ಕೆ ಅಲಂಕಾರಕ್ಕೆ ಅಂತ ಹೋಗಿ ಅಲ್ಲಿ ಹಬ್ಬಿ ಕಳೆ ಅಂತ ಘೋಷಿಸಿ ಕೀಳ್ತಿದಾರೆ. ಹಂಗಾಗಿ ಗಿಡ ಉಳಿಯುತ್ತೆ, ಅದರ ಭಯ ನನಗಿಲ್ಲ. ಟವಲ್ ಮಡಿಚಿ ರೆಂಬೆ ಹಿಡಿದು ನೋಡು ಮಗ ಇದು ಅಂತ ತೋರಿಸೋ ಕೈ ಕಮ್ಮಿ ಆಗ್ತಿದೆ. ಆ ಕೈ ಇಲ್ಲದ ಮನೆಗಳಲ್ಲಿ ಆ ಕೆಲಸ ಪೇಪರ್ ಮಾಡ್ತಿದೆ, ಅದಕ್ಕೇ ಇಷ್ಟು ಒತ್ತಾಯ ಮಾಡ್ತಿರೋದು.

ಹೋದ ತಿಂಗಳ ಆ ನಾಲ್ಕು ಸಾಲಿಗೆ ಒಂದು ತಿದ್ದುಪಡಿ ಹಾಕ್ತೀರಿ ಅಂತ ನಂಬಿದೀನಿ. ಅಲ್ಲಿ ಹೇಳಿದ್ದು ಮದರಂಗಿ ಅಲ್ಲ ಮುಳ್ಳುಗೋರಂಟಿ, ಎಲೆ ಕಂಕುಳಲ್ಲಿ ಸೂಜಿಮುಳ್ಳು ಇರಬೇಕು, ಮುರಿದ್ರೆ ಹಳದಿ ಹಾಲು ಬರಬಾರದು, ರಸ ಉಗುಳಬೇಕು, ಊತ ಇದ್ರೆ ಡಾಕ್ಟರ್ ಹತ್ರ ಹೋಗಬೇಕು. ಇಷ್ಟು ಹಾಕಿದ್ರೂ ಸಾಕು. ನಮ್ಮ ಬದುವಿನ ಗಿಡದ ಮೂರು ಫೋಟೋ ಈ ಪತ್ರದ ಜೊತೆ ಕಳಿಸಿದೀನಿ, ಒಂದು ಇಡೀ ಪೊದೆಯದ್ದು, ಒಂದು ಹೂವಿನದ್ದು, ಇನ್ನೊಂದು ಎಲೆ ಸ್ವಲ್ಪ ಪಕ್ಕಕ್ಕೆ ಸರಿಸಿ ಮುಳ್ಳು ಕಾಣೋ ಹಂಗೆ ಹತ್ರದಿಂದ ತೆಗೆದದ್ದು, ಸರಿಸಿರೋ ಕೈ ಅತ್ತಿಗೆಯದ್ದು. ಬಳಸ್ಕೊಳ್ಳಿ, ಹೆಸರು ಹಾಕೋದು ಬೇಡ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಪತ್ರಿಕೆಯ ಹಳೇ ಓದುಗ